ಶಾಲೆಗಾಗಿ ಮನೆ ಬದಲಿಸುವಾಗ: ಅಮೆರಿಕದ ಉಪನಗರಗಳ ಹೈಸ್ಕೂಲ್ ಲೆಕ್ಕಾಚಾರ

ಅಮೆರಿಕದಲ್ಲಿ ಮಗು ಯಾವ ಸರ್ಕಾರಿ ಹೈಸ್ಕೂಲಿಗೆ ಸೇರಬೇಕೆಂಬುದನ್ನು ತೀರ್ಮಾನಿಸುವುದು ಮನೆಯ ವಿಳಾಸ. ಬೆಂಗಳೂರಿನಲ್ಲಿ ಜಯನಗರದಲ್ಲಿ ಮನೆಯಿದ್ದವರು ಮಗುವನ್ನು ಮಲ್ಲೇಶ್ವರದ ಶಾಲೆಗೂ ಹಾಕಬಹುದು, ವೈಟ್‌ಫೀಲ್ಡಿನ ಶಾಲೆಗೂ ಹಾಕಬಹುದು. ಸೀಟು ಸಿಗಬೇಕು, ಶುಲ್ಕ ಕಟ್ಟಬೇಕು, ಅಷ್ಟೆ. ಅಮೆರಿಕದ ಉಪನಗರಗಳಲ್ಲಿ ಸರ್ಕಾರಿ ಶಾಲೆ ಉಚಿತ, ಆದರೆ ಅದರ ಬಾಗಿಲು ತೆರೆಯುವುದು ನಿರ್ದಿಷ್ಟ ಗಡಿಯೊಳಗೆ ವಾಸಿಸುವವರಿಗೆ ಮಾತ್ರ. ಹೀಗಾಗಿ ಮಕ್ಕಳು ಆರು, ಏಳನೇ ತರಗತಿಗೆ ಬರುತ್ತಿದ್ದಂತೆ ಹೈಸ್ಕೂಲಿಗಾಗಿ ಮನೆ ಬದಲಿಸುವ ಮಾತು ಅನೇಕ ಕುಟುಂಬಗಳಲ್ಲಿ ಶುರುವಾಗುತ್ತದೆ. ನ್ಯೂಜೆರ್ಸಿ, ಟೆಕ್ಸಾಸ್, ಕ್ಯಾಲಿಫೋರ್ನಿಯಾ, ಇಲಿನಾಯ್‌ಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳೂ ಇದಕ್ಕೆ ಹೊರತಲ್ಲ. ಮನೆ ಕೊಳ್ಳುವಾಗ ಬಡ್ಡಿ ದರವನ್ನು ನೋಡುವಷ್ಟೇ ಎಚ್ಚರದಿಂದ ನೋಡಬೇಕಾದ ಸಂಗತಿಗಳು ಇದರಲ್ಲಿ ಹಲವಿವೆ.

ಗಡಿ ಎಲ್ಲಿದೆ?

ಸ್ಕೂಲ್ ಡಿಸ್ಟ್ರಿಕ್ಟ್ ಎಂಬುದು ಶಾಲೆಗಳನ್ನು ನಡೆಸಲೆಂದೇ ಇರುವ ಸ್ಥಳೀಯ ಆಡಳಿತ. ಬಹುತೇಕ ಕಡೆ ಅದಕ್ಕೆ ತನ್ನದೇ ಚುನಾಯಿತ ಮಂಡಳಿ, ತನ್ನದೇ ಬಜೆಟ್ಟು, ತನ್ನದೇ ಸೂಪರಿಂಟೆಂಡೆಂಟ್ ಇರುತ್ತಾರೆ. ದೇಶದಾದ್ಯಂತ ಇಂಥವು ಸುಮಾರು 13,000 ಇವೆ. ಅವುಗಳ ಗಾತ್ರಕ್ಕೆ ಯಾವ ಏಕರೂಪವೂ ಇಲ್ಲ. ಮೇರಿಲ್ಯಾಂಡ್ ರಾಜ್ಯಕ್ಕೆಲ್ಲ ಸೇರಿ 24 ಡಿಸ್ಟ್ರಿಕ್ಟ್, ಫ್ಲಾರಿಡಾಕ್ಕೆ 67. ಪುಟ್ಟ ನ್ಯೂಜೆರ್ಸಿಯಲ್ಲಿ ಸುಮಾರು 600. ಮೇರಿಲ್ಯಾಂಡ್, ವರ್ಜೀನಿಯಾ, ಫ್ಲಾರಿಡಾಗಳಲ್ಲಿ ಒಂದಿಡೀ ಕೌಂಟಿಗೆ ಸಾಮಾನ್ಯವಾಗಿ ಒಂದೇ ಡಿಸ್ಟ್ರಿಕ್ಟ್ ಇರುವುದರಿಂದ, ಹತ್ತು ಮೈಲಿ ಆಚೆ ಮನೆ ಮಾಡಿದರೂ ಡಿಸ್ಟ್ರಿಕ್ಟ್ ಬದಲಾಗದೆ, ಅದರೊಳಗಿನ ಶಾಲೆ ಮಾತ್ರ ಬದಲಾಗಬಹುದು. ನ್ಯೂಜೆರ್ಸಿಯಲ್ಲಿ ರಸ್ತೆ ದಾಟಿದರೆ ಡಿಸ್ಟ್ರಿಕ್ಟೇ ಬೇರೆಯಾದೀತು.

ಊರಿನ ಹೆಸರು ನೋಡಿ ಶಾಲೆ ಊಹಿಸುವುದು ಇಲ್ಲಿ ಅತಿ ಸಾಮಾನ್ಯ ತಪ್ಪು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್ ಇರುವುದು ಫ್ರೀಮಾಂಟ್ ನಗರದಲ್ಲಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಇನ್ನೊಂದು ಬದಿಯಲ್ಲಿ, ಕ್ಯೂಪರ್ಟಿನೊ ಮತ್ತು ಸನ್ನಿವೇಲ್ ಸುತ್ತಮುತ್ತ. ಅದರ ಐದು ಹೈಸ್ಕೂಲುಗಳಲ್ಲಿ ಒಂದಾದ ಲಿನ್‌ಬ್ರೂಕ್ ಇರುವುದು ಸ್ಯಾನ್ ಹೋಸೆ ನಗರದೊಳಗೆ. ಫ್ರೀಮಾಂಟ್ ಎಂಬ ಹೆಸರಿನ ಹೈಸ್ಕೂಲು ಸನ್ನಿವೇಲ್‌ನಲ್ಲಿದೆ. ಫ್ರೀಮಾಂಟ್ ನಗರದ ಮಕ್ಕಳಿಗೆ ಫ್ರೀಮಾಂಟ್ ಯೂನಿಫೈಡ್ ಎಂಬ ಬೇರೆಯೇ ಡಿಸ್ಟ್ರಿಕ್ಟ್ ಇದೆ. ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಕ್ಯೂಪರ್ಟಿನೊ ಭಾಗದಲ್ಲಿ ಎಂಟನೇ ತರಗತಿಯವರೆಗೆ ಒಂದು ಡಿಸ್ಟ್ರಿಕ್ಟ್, ಒಂಬತ್ತರಿಂದ ಹನ್ನೆರಡಕ್ಕೆ ಇನ್ನೊಂದು. ಎರಡರ ಗಡಿಗಳನ್ನೂ ಬೇರೆ ಬೇರೆಯಾಗಿ ನೋಡಬೇಕು. ಇಲಿನಾಯ್‌ನ ಹಲವು ಉಪನಗರಗಳಲ್ಲೂ ಹೈಸ್ಕೂಲಿಗೆ ಪ್ರತ್ಯೇಕ ಡಿಸ್ಟ್ರಿಕ್ಟ್ ಇರುವ ಪದ್ಧತಿಯಿದೆ.

ಷಿಕಾಗೊ ಪಶ್ಚಿಮದ ನೇಪರ್‌ವಿಲ್ ಒಂದೇ ಊರಾದರೂ ಅದರ ಒಂದು ಭಾಗ 203ನೇ ಡಿಸ್ಟ್ರಿಕ್ಟಿಗೆ, ಇನ್ನೊಂದು ಭಾಗ ಇಂಡಿಯನ್ ಪ್ರೇರಿ ಎಂಬ 204ನೇ ಡಿಸ್ಟ್ರಿಕ್ಟಿಗೆ ಸೇರಿದೆ. 204ರ ಮೂರು ಹೈಸ್ಕೂಲುಗಳಲ್ಲಿ ಎರಡು ಪಕ್ಕದ ಅರೋರಾದಲ್ಲಿವೆ. ನ್ಯೂಜೆರ್ಸಿಯಲ್ಲಿ ಅಂಚೆ ವಿಳಾಸ ಪ್ರಿನ್ಸ್‌ಟನ್ ಎಂದಿದ್ದರೂ ಮನೆ ವೆಸ್ಟ್ ವಿಂಡ್ಸರ್, ಪ್ಲೇನ್ಸ್‌ಬರೊ ಅಥವಾ ಮಾಂಟ್ಗಮರಿಯ ಸರಹದ್ದಿನಲ್ಲಿರಬಹುದು, ಆಗ ಮಗು ಹೋಗುವುದು ಪ್ರಿನ್ಸ್‌ಟನ್ ಹೈಸ್ಕೂಲಿಗಲ್ಲ. ಅದೇ ಪ್ರಿನ್ಸ್‌ಟನ್ ಹೈಸ್ಕೂಲಿಗೆ ನೆರೆಯ ಕ್ರ್ಯಾನ್‌ಬರಿಯ ಮಕ್ಕಳು ಒಪ್ಪಂದದ ಮೇರೆಗೆ ಬರುತ್ತಾರೆ.

ಈ ಗಡಿಗಳು ಇಷ್ಟು ಗಟ್ಟಿಯಾಗಿರುವುದಕ್ಕೆ ಹಣ ಮತ್ತು ಕಾನೂನು ಎರಡೂ ಕಾರಣ. ಶಾಲಾ ವೆಚ್ಚದಲ್ಲಿ ಕೇಂದ್ರ ಸರ್ಕಾರದ ಪಾಲು ಸಾಮಾನ್ಯವಾಗಿ ಹತ್ತನೆಯ ಒಂದಂಶದ ಆಸುಪಾಸು. ಉಳಿದದ್ದು ರಾಜ್ಯದಿಂದ ಮತ್ತು ಸ್ಥಳೀಯವಾಗಿ ಬರುತ್ತದೆ, ಸ್ಥಳೀಯ ಹಣದ ಮುಖ್ಯ ಮೂಲ ಆಸ್ತಿ ತೆರಿಗೆ. ದುಬಾರಿ ಮನೆಗಳಿರುವ ಊರಿಗೆ ಹೆಚ್ಚು ತೆರಿಗೆ, ಹೆಚ್ಚು ತೆರಿಗೆಯಿಂದ ಒಳ್ಳೆಯ ಶಾಲೆ, ಒಳ್ಳೆಯ ಶಾಲೆಯಿಂದ ಮನೆಗಳಿಗೆ ಇನ್ನಷ್ಟು ಬೆಲೆ. ಈ ಅಸಮಾನತೆಯನ್ನು ಪ್ರಶ್ನಿಸಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದ ಬಡ ಬಡಾವಣೆಯ ಪೋಷಕರು ಹೂಡಿದ ದಾವೆಯನ್ನು 1973ರಲ್ಲಿ ಸುಪ್ರೀಂ ಕೋರ್ಟು 5–4ರ ತೀರ್ಪಿನಲ್ಲಿ ತಳ್ಳಿಹಾಕಿತು. ಮರುವರ್ಷ ಡಿಟ್ರಾಯಿಟ್‌ನ ಪ್ರಕರಣದಲ್ಲಿ, ಮತ್ತೆ 5–4ರಲ್ಲೇ, ನಗರದ ಜನಾಂಗೀಯ ಪ್ರತ್ಯೇಕತೆಯನ್ನು ಸರಿಪಡಿಸಲು ಉಪನಗರದ ಡಿಸ್ಟ್ರಿಕ್ಟುಗಳನ್ನು ಒಳಗೆಳೆಯುವಂತಿಲ್ಲ ಎಂದಿತು. ಇಂದು ಎರಡು ಬೀದಿಗಳ ನಡುವೆ ಮನೆ ಬೆಲೆ ಏಕಾಏಕಿ ಜಿಗಿಯುವುದರ ಹಿಂದೆ ಈ ಎರಡು ತೀರ್ಪುಗಳ ನೆರಳಿದೆ. ಮಿನ್ನೆಸೋಟಾದಂಥ ಕೆಲವು ರಾಜ್ಯಗಳಲ್ಲಿ 1980ರ ದಶಕದ ಕೊನೆಯಿಂದ, ಜಾಗವಿದ್ದರೆ ಬೇರೆ ಡಿಸ್ಟ್ರಿಕ್ಟಿನ ಮಕ್ಕಳನ್ನೂ ಸೇರಿಸಿಕೊಳ್ಳುವ ಮುಕ್ತ ದಾಖಲಾತಿ ಇದೆ. ಮನೆ ಮಾರುವ ಮೊದಲು ತಮ್ಮ ರಾಜ್ಯದಲ್ಲಿ ಆ ದಾರಿಯಿದೆಯೇ ಎಂದು ವಿಚಾರಿಸುವುದು ಲೇಸು.

ಯಾವ ತರಗತಿಯಲ್ಲಿ ಹೋಗಬೇಕು?

ಒಂಬತ್ತನೇ ತರಗತಿ ಶುರುವಾಗುವ ಮುನ್ನ, ಅಂದರೆ ಎಂಟರ ಬೇಸಿಗೆ ರಜೆಯಲ್ಲಿ, ಹೊಸ ಊರಿಗೆ ಹೋಗುವುದು ಎಲ್ಲಕ್ಕಿಂತ ಸುಲಭ. ಆಗ ಎಲ್ಲ ಮಕ್ಕಳಿಗೂ ಕಟ್ಟಡ ಹೊಸದು, ಗುಂಪುಗಳು ಹೊಸದಾಗಿ ಕಟ್ಟಿಕೊಳ್ಳುತ್ತಿರುತ್ತವೆ, ಹೈಸ್ಕೂಲಿನ ಅಂಕ ದಾಖಲೆಯಾದ ಟ್ರಾನ್ಸ್‌ಕ್ರಿಪ್ಟಿನ ಮೊದಲ ಸಾಲು ಖಾಲಿಯಿರುತ್ತದೆ. ಇನ್ನೂ ಮೊದಲು, ಆರನೇ ತರಗತಿಗೆ ಹೋದರೆ ಮತ್ತೂ ಒಳ್ಳೆಯದು. ಏಕೆಂದರೆ ಗಣಿತದ ಹಾದಿ ಕವಲೊಡೆಯುವುದು ಆರು, ಏಳರಲ್ಲಿ.

ರಾಜ್ ಚೆಟ್ಟಿ ಮತ್ತು ನಥೇನಿಯಲ್ ಹೆಂಡ್ರೆನ್ ಎಂಬ ಅರ್ಥಶಾಸ್ತ್ರಜ್ಞರು ಊರು ಬದಲಿಸಿದ ಲಕ್ಷಾಂತರ ಕುಟುಂಬಗಳ ತೆರಿಗೆ ದಾಖಲೆಗಳನ್ನು ಪರಿಶೀಲಿಸಿ, ಒಳ್ಳೆಯ ಪರಿಸರದಲ್ಲಿ ಮಗು ಕಳೆಯುವ ಪ್ರತಿಯೊಂದು ವರ್ಷಕ್ಕೂ ಫಲವಿದೆ, ತಡವಾಗಿ ಹೋದಷ್ಟೂ ಫಲ ಕಡಿಮೆ ಎಂದು ತೋರಿಸಿದ್ದಾರೆ. 1990ರ ದಶಕದಲ್ಲಿ ಐದು ಮಹಾನಗರಗಳ ಬಡ ಕುಟುಂಬಗಳನ್ನು ಉತ್ತಮ ಬಡಾವಣೆಗಳಿಗೆ ಸಾಗಿಸಿದ ಸರ್ಕಾರಿ ಪ್ರಯೋಗದಲ್ಲೂ, 13 ವರ್ಷದೊಳಗೆ ಹೋದ ಮಕ್ಕಳಿಗೆ ಮುಂದೆ ಆದಾಯದಲ್ಲಿ ಸ್ಪಷ್ಟ ಲಾಭವಾಯಿತು. ಅದಕ್ಕಿಂತ ದೊಡ್ಡವರಿಗೆ ಆಗಲಿಲ್ಲ. ಆ ಪ್ರಯೋಗ ಕಡು ಬಡತನದ ಕೇರಿಗಳಿಂದ ಹೊರಟವರ ಮೇಲೆ ನಡೆದದ್ದು. ಈಗಾಗಲೇ ಸಾಧಾರಣವಾಗಿ ಚೆನ್ನಾಗಿರುವ ಉಪನಗರದಿಂದ ಇನ್ನೂ ಹೆಸರುವಾಸಿ ಉಪನಗರಕ್ಕೆ ಹೋಗುವ ಮಧ್ಯಮವರ್ಗದ ಕುಟುಂಬ ಅಷ್ಟೇ ಲಾಭ ನಿರೀಕ್ಷಿಸುವಂತಿಲ್ಲ.

ಹತ್ತನೇ ತರಗತಿಗೆ ಹೋಗುವುದು ನಡೆದೀತು. ಹನ್ನೊಂದು ಮತ್ತು ಹನ್ನೆರಡು ಬೇರೆ ಮಾತು. ಹನ್ನೊಂದು ಕಾಲೇಜು ಅರ್ಜಿಗೆ ಮುಖ್ಯವಾದ ವರ್ಷ. ಶಿಫಾರಸು ಪತ್ರ ಬರೆಯುವ ಉಪಾಧ್ಯಾಯರು ಮಗುವನ್ನು ಬಲ್ಲವರಾಗಿರಬೇಕು, ಕ್ಲಬ್ಬುಗಳಲ್ಲಿ ಜವಾಬ್ದಾರಿ ಸಿಗುವುದು ಎರಡು ವರ್ಷ ದುಡಿದವರಿಗೆ. ಕೆಲಸದ ಕಾರಣಕ್ಕೆ ಹೋಗಲೇಬೇಕಾದವರ ಕಷ್ಟ ಕಷ್ಟವೇ. ಅಂಥವರು ಕೊನೆಯ ವರ್ಷದ ವಿದ್ಯಾರ್ಥಿಯನ್ನು ಹಳೆಯ ಶಾಲೆಯಲ್ಲೇ ಮುಗಿಸಲು ಡಿಸ್ಟ್ರಿಕ್ಟ್ ಅನುಮತಿ ಕೊಡುತ್ತದೆಯೇ ಎಂದು ಕೇಳಬಹುದು. ಕೆಲವು ಕೊಡುತ್ತವೆ. ಆದರೆ ಬರೀ ರೇಟಿಂಗಿಗಾಗಿ ಹನ್ನೊಂದರ ಮಗುವನ್ನು ಕಿತ್ತು ನೆಡುವುದಕ್ಕೆ ಸಮರ್ಥನೆ ಸಿಗುವುದು ಕಷ್ಟ.

ಶಾಲೆಯನ್ನು ಹೇಗೆ ಅಳೆಯುವುದು?

ಮನೆ ಮಾರಾಟದ ಜಾಲತಾಣಗಳಲ್ಲಿ ಪ್ರತಿ ಮನೆಯ ಪಕ್ಕ ಶಾಲೆಗೆ ಹತ್ತರಲ್ಲಿ ಎಂಟು, ಒಂಬತ್ತು ಎಂಬ ಅಂಕ ಕಾಣಿಸುತ್ತದೆ. ಗ್ರೇಟ್‌ಸ್ಕೂಲ್ಸ್ ಕೊಡುವ ಆ ಅಂಕವಾಗಲಿ ನಿಶ್ ಕೊಡುವ ಶ್ರೇಣಿಯಾಗಲಿ ಬಹುಮಟ್ಟಿಗೆ ಪರೀಕ್ಷಾ ಫಲಿತಾಂಶಗಳನ್ನು ಆಧರಿಸಿವೆ. ಪರೀಕ್ಷಾ ಫಲಿತಾಂಶಗಳೋ ಬಹುಮಟ್ಟಿಗೆ ಅಲ್ಲಿನ ಕುಟುಂಬಗಳ ಆದಾಯ, ವಿದ್ಯೆಯನ್ನು ಹೇಳುತ್ತವೆ. ಇಂಜಿನಿಯರುಗಳ ಮಕ್ಕಳೇ ತುಂಬಿದ ಶಾಲೆಗೆ ಹತ್ತು ಬಂದರೆ ಅದರಲ್ಲಿ ಶಾಲೆಯ ಪಾಲೆಷ್ಟು, ಮನೆಯ ಪಾಲೆಷ್ಟು, ಟ್ಯೂಷನ್ ಪಾಲೆಷ್ಟು ಎಂದು ಆ ಅಂಕ ಬಿಡಿಸಿ ಹೇಳುವುದಿಲ್ಲ.

ಇದಕ್ಕಿಂತ ಉಪಯುಕ್ತವಾದದ್ದು ರಾಜ್ಯ ಸರ್ಕಾರವೇ ಪ್ರಕಟಿಸುವ ರಿಪೋರ್ಟ್ ಕಾರ್ಡ್. 2015ರ ಕೇಂದ್ರ ಶಿಕ್ಷಣ ಕಾಯ್ದೆಯ ಪ್ರಕಾರ ಪ್ರತಿ ರಾಜ್ಯವೂ ಪ್ರತಿ ಶಾಲೆಯ ಫಲಿತಾಂಶ, ಪದವಿ ಪೂರೈಸಿದವರ ಪ್ರಮಾಣ, ಪ್ರತಿ ವಿದ್ಯಾರ್ಥಿಗೆ ಮಾಡುವ ಖರ್ಚು, ಉಪಾಧ್ಯಾಯರ ಅರ್ಹತೆ ಮೊದಲಾದವನ್ನು ಬಹಿರಂಗಪಡಿಸಬೇಕು. ಅದರ ಜೊತೆಗೆ ಶಾಲೆಯ ಕೋರ್ಸ್ ಕ್ಯಾಟಲಾಗನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವುದು ಅತ್ಯಂತ ಫಲಪ್ರದ ಕೆಲಸ, ಬಹಳಷ್ಟು ಪೋಷಕರು ಮಾಡದ ಕೆಲಸವೂ ಹೌದು. ಕಾಲೇಜು ಮಟ್ಟದ ಎಪಿ ಕೋರ್ಸುಗಳು ಎಷ್ಟಿವೆ ಎಂಬುದರಷ್ಟೇ ಮುಖ್ಯ, ಅವಕ್ಕೆ ಸೇರಲು ಯಾವ ಅರ್ಹತೆ ಬೇಕು ಎಂಬುದು. ಒಂದು ಶಾಲೆಯಲ್ಲಿ ಬಯಸಿದವರಿಗೆಲ್ಲ ಎಪಿ ತೆರೆದಿದ್ದರೆ ಇನ್ನೊಂದರಲ್ಲಿ ಹಿಂದಿನ ವರ್ಷದ ಆನರ್ಸ್ ಗ್ರೇಡ್ ಮತ್ತು ಉಪಾಧ್ಯಾಯರ ಒಪ್ಪಿಗೆ ಬೇಕಾಗುತ್ತದೆ. ಒಬ್ಬ ಕೌನ್ಸೆಲರಿಗೆ ಎಷ್ಟು ವಿದ್ಯಾರ್ಥಿಗಳು ಎಂದೂ ಕೇಳಬೇಕು. ಶಾಲಾ ಕೌನ್ಸೆಲರುಗಳ ರಾಷ್ಟ್ರೀಯ ಸಂಘ ಶಿಫಾರಸು ಮಾಡುವುದು 250 ಮಕ್ಕಳಿಗೆ ಒಬ್ಬರು. ಅದನ್ನು ಮುಟ್ಟದ ಹೆಸರಾಂತ ಶಾಲೆಗಳು ಎಷ್ಟೋ ಇವೆ.

ರ್‍ಯಾಂಕಿನ ಲೆಕ್ಕ ಕೆಲವು ರಾಜ್ಯಗಳಲ್ಲಿ ಇಡೀ ತೀರ್ಮಾನವನ್ನೇ ತಲೆಕೆಳಗು ಮಾಡಬಲ್ಲದು. ಟೆಕ್ಸಾಸ್‌ನಲ್ಲಿ 1997ರ ಕಾನೂನಿನಂತೆ ತಮ್ಮ ಹೈಸ್ಕೂಲಿನ ಮೊದಲ ಶೇ. 10ರೊಳಗೆ ಬರುವ ವಿದ್ಯಾರ್ಥಿಗಳಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸ್ವಯಂ ಪ್ರವೇಶವಿದೆ. ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಮಾತ್ರ ಈ ಮಿತಿ ಇನ್ನೂ ಬಿಗಿ. 2026ರ ಶರತ್ಕಾಲದಿಂದ ಅದು ಮೊದಲ ಶೇ. 5. ಡಲ್ಲಾಸ್ ಸುತ್ತಲಿನ ಪ್ಲೇನೊ, ಫ್ರಿಸ್ಕೊ, ಕಾಪೆಲ್‌ನಂಥ ಕಡೆ ಮೊದಲ ಶೇ. 5ರೊಳಗೆ ಬರುವುದು ಎಷ್ಟು ಕಠಿಣ ಎಂಬುದು ಅಲ್ಲಿನ ಪೋಷಕರಿಗೆ ಚೆನ್ನಾಗಿ ಗೊತ್ತು. ಸಾಧಾರಣ ರೇಟಿಂಗಿನ ಶಾಲೆಯಲ್ಲಿ ಮೊದಲ ಸಾಲಿನಲ್ಲಿದ್ದ ಮಗು ಹತ್ತು ಅಂಕದ ಶಾಲೆಗೆ ಹೋಗಿ ನಡುಸಾಲಿಗೆ ಇಳಿದರೆ ಆ ಸ್ವಯಂ ಪ್ರವೇಶ ಕೈತಪ್ಪುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವೂ ತನ್ನ ಯೋಜನೆಗೆ ಸೇರಿದ ಪ್ರತಿ ಹೈಸ್ಕೂಲಿನ ಮೊದಲ ಶೇ. 9ರಷ್ಟು ಮಕ್ಕಳನ್ನು ಪ್ರತ್ಯೇಕವಾಗಿ ಗುರುತಿಸುತ್ತದೆ. ರ್‍ಯಾಂಕನ್ನೇ ಕೊಡದ ಡಿಸ್ಟ್ರಿಕ್ಟುಗಳೂ ಇವೆ. ಹೊರಗಿನಿಂದ ಬಂದ ಗ್ರೇಡುಗಳನ್ನು ರ್‍ಯಾಂಕಿಗೆ ಹೇಗೆ ಸೇರಿಸುತ್ತಾರೆ ಎಂಬ ನಿಯಮವನ್ನು ಡಿಸ್ಟ್ರಿಕ್ಟಿನ ಕೈಪಿಡಿಯಲ್ಲಿ ಓದಿಯೇ ಮುಂದುವರಿಯಬೇಕು.

ಒತ್ತಡದ ಪ್ರಶ್ನೆಯನ್ನು ಯಾರೂ ಬದಿಗೆ ಸರಿಸಬಾರದು. ಭಾರತ ಮೂಲದ ಮನಶ್ಶಾಸ್ತ್ರಜ್ಞೆ ಸುನಿಯಾ ಲೂಥರ್ 1990ರ ದಶಕದಿಂದ ನಡೆಸಿದ ಅಧ್ಯಯನಗಳು, ಸ್ಥಿತಿವಂತ ಉಪನಗರಗಳ ಹೈಸ್ಕೂಲು ಮಕ್ಕಳಲ್ಲಿ ಆತಂಕ, ಖಿನ್ನತೆ, ಮಾದಕ ವಸ್ತುಗಳ ಬಳಕೆ ನಿರೀಕ್ಷೆಗಿಂತ ಹೆಚ್ಚು ಎಂದು ತೋರಿಸಿದವು. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ 2009–10ರಲ್ಲಿ ಮತ್ತು 2014–15ರಲ್ಲಿ ಹದಿಹರೆಯದವರ ಆತ್ಮಹತ್ಯೆಗಳು ಒಂದರ ಹಿಂದೊಂದು ನಡೆದು, ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರದ ತಂಡವೇ ಬಂದು ಪರಿಶೀಲಿಸಬೇಕಾಯಿತು. ನ್ಯೂಜೆರ್ಸಿಯ ವೆಸ್ಟ್ ವಿಂಡ್ಸರ್–ಪ್ಲೇನ್ಸ್‌ಬರೊ ಡಿಸ್ಟ್ರಿಕ್ಟ್ 2015ರಲ್ಲಿ ಒತ್ತಡ ತಗ್ಗಿಸಲೆಂದು ಹೈಸ್ಕೂಲಿನ ಮಧ್ಯಾವಧಿ ಮತ್ತು ಅಂತಿಮ ಪರೀಕ್ಷೆಗಳನ್ನು ಕೈಬಿಟ್ಟು, ಹೋಂವರ್ಕ್ ಇಲ್ಲದ ರಾತ್ರಿಗಳನ್ನು ತಂದಾಗ ಪೋಷಕರು ಎರಡು ಪಾಳೆಯವಾದರು. ವಿರೋಧಿಸಿದವರಲ್ಲಿ ಏಷ್ಯಾ ಮೂಲದವರು ಬಹಳ ಮಂದಿ. ಡಿಸ್ಟ್ರಿಕ್ಟಿನ ಮಂಡಳಿ ಸಭೆಗಳ ವೀಡಿಯೊಗಳನ್ನು ನೋಡಿದರೆ ಇಂಥ ಜಗಳಗಳೂ, ಅಲ್ಲಿನ ಹವೆಯೂ ಯಾವ ರೇಟಿಂಗಿಗಿಂತ ಚೆನ್ನಾಗಿ ತಿಳಿಯುತ್ತವೆ. ಮಗುವನ್ನು ಒಂದು ದಿನ ಆ ಶಾಲೆಯ ವಿದ್ಯಾರ್ಥಿಯ ಜೊತೆ ತರಗತಿಗಳಲ್ಲಿ ಕೂರಿಸಲು ಅವಕಾಶವಿದೆಯೇ ಎಂದು ಕೇಳುವುದೂ ಒಳ್ಳೆಯದು.

ಮನೆ ಹುಡುಕುವಾಗ

ಮನೆ ದಲ್ಲಾಳಿ ಶಾಲೆಗಳ ಬಗ್ಗೆ ಬಾಯಿಬಿಟ್ಟು ಹೇಳದಿದ್ದರೆ ಅಚ್ಚರಿಪಡಬೇಕಿಲ್ಲ. 1968ರ ವಸತಿ ಸಮಾನತೆ ಕಾಯ್ದೆಯಂತೆ ಜನಾಂಗ, ಧರ್ಮ, ಮೂಲ ಮೊದಲಾದವುಗಳ ಆಧಾರದ ಮೇಲೆ ಗ್ರಾಹಕರನ್ನು ಒಂದು ಬಡಾವಣೆಯತ್ತ ತಳ್ಳುವುದು ಕಾನೂನುಬಾಹಿರ, ‘ಒಳ್ಳೆಯ ಶಾಲೆ’ ಎಂಬ ಮಾತು ಅದಕ್ಕೆ ಮುಸುಕಾಗುತ್ತದೆಂಬ ಭಯದಿಂದ ಅವರು ಹಿಂಜರಿಯುತ್ತಾರೆ. ಜಾಹೀರಾತಿನಲ್ಲಿರುವ ಶಾಲೆಯ ಹೆಸರಿಗೂ ಯಾವ ಖಾತರಿಯಿಲ್ಲ. ಡಿಸ್ಟ್ರಿಕ್ಟಿನ ಜಾಲತಾಣದಲ್ಲಿ ವಿಳಾಸ ಹಾಕಿ ಶಾಲೆ ಹುಡುಕುವ ಸೌಲಭ್ಯ ಸಾಮಾನ್ಯವಾಗಿ ಇರುತ್ತದೆ. ಅದನ್ನು ನೋಡಿದ ಮೇಲೂ, ಮುಂಗಡ ಕೊಡುವ ಮೊದಲು, ಡಿಸ್ಟ್ರಿಕ್ಟ್ ಕಚೇರಿಗೆ ಮನೆ ಸಂಖ್ಯೆ ಸಹಿತ ಇಮೇಲ್ ಬರೆದು ಲಿಖಿತ ಉತ್ತರ ತರಿಸಿಕೊಳ್ಳಬೇಕು.

ಇಂದಿನ ಗಡಿ ನಾಳೆಯೂ ಇರುತ್ತದೆಂಬ ಭರವಸೆ ಇಲ್ಲ. ಊರು ಬೆಳೆದಂತೆ ಡಿಸ್ಟ್ರಿಕ್ಟಿನೊಳಗೆ ಯಾವ ಬೀದಿಯ ಮಕ್ಕಳು ಯಾವ ಶಾಲೆಗೆ ಎಂಬುದನ್ನು ಮತ್ತೆ ಮತ್ತೆ ಬರೆಯುತ್ತಾರೆ. ಡಲ್ಲಾಸ್ ಉತ್ತರದ ಫ್ರಿಸ್ಕೊ ಡಿಸ್ಟ್ರಿಕ್ಟಿನಲ್ಲಿ 2003ರವರೆಗೆ ಒಂದೇ ಹೈಸ್ಕೂಲಿತ್ತು. ಇಂದು ಹನ್ನೆರಡಿವೆ, ಒಂದೊಂದು ಶಾಲೆ ತೆರೆದಾಗಲೂ ಗಡಿ ಸರಿದಿದೆ. ನೇಪರ್‌ವಿಲ್ ಬಳಿಯ 204ರಲ್ಲಿ 2009ರಲ್ಲಿ ಮೆಟಿಯಾ ವ್ಯಾಲಿ ಹೈಸ್ಕೂಲ್ ತೆರೆಯುವ ಮುನ್ನ ಗಡಿ ಮತ್ತು ಜಾಗದ ವಿಷಯ ಕೋರ್ಟಿನ ಮೆಟ್ಟಿಲೇರಿತ್ತು. ಗಡಿಯಂಚಿನ ಮನೆ, ಕಿಕ್ಕಿರಿದ ಶಾಲೆ, ಪಕ್ಕದಲ್ಲಿ ಕಟ್ಟುತ್ತಿರುವ ಹೊಸ ಶಾಲೆ ಈ ಮೂರೂ ಒಟ್ಟಿಗಿದ್ದರೆ ಗಡಿ ಬದಲಾಗುವ ಸಂಭವ ಹೆಚ್ಚು. ಅದಕ್ಕೆ ತದ್ವಿರುದ್ಧವಾಗಿ, ಮಕ್ಕಳ ಸಂಖ್ಯೆ ಇಳಿಯುತ್ತಿರುವ ಹಳೆಯ ಉಪನಗರಗಳಲ್ಲಿ ಶಾಲೆ ಮುಚ್ಚುವ ಚರ್ಚೆಗಳು ನಡೆಯುತ್ತಿರುತ್ತವೆ.

ಮೊದಲ ವರ್ಷ ಬಾಡಿಗೆಗೆ ಇದ್ದು ನೋಡುವುದು ಬಹುತೇಕ ಕುಟುಂಬಗಳಿಗೆ ಜಾಣತನ. ಬಾಡಿಗೆದಾರರ ಮಕ್ಕಳಿಗೂ ಮಾಲೀಕರ ಮಕ್ಕಳಿಗೂ ಶಾಲೆಯಲ್ಲಿ ಒಂದೇ ಹಕ್ಕು. ಕೊಳ್ಳುವುದೇ ಆದರೆ ಈಗಿನ ಮಾಲೀಕ ಕಟ್ಟುತ್ತಿರುವ ತೆರಿಗೆಯನ್ನು ನೋಡಿ ಲೆಕ್ಕ ಹಾಕಬಾರದು. ಕ್ಯಾಲಿಫೋರ್ನಿಯಾದಲ್ಲಿ 1978ರ 13ನೇ ಪ್ರಸ್ತಾವದಿಂದಾಗಿ ಹಳೆಯ ಮಾಲೀಕರ ತೆರಿಗೆ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಮನೆ ಮಾರಾಟವಾದೊಡನೆ ಅದು ಖರೀದಿ ಬೆಲೆಗೆ ಜಿಗಿಯುತ್ತದೆ. ಟೆಕ್ಸಾಸ್‌ನಲ್ಲಿ ರಾಜ್ಯ ಆದಾಯ ತೆರಿಗೆ ಇಲ್ಲ, ಅದರ ಭಾರ ಆಸ್ತಿ ತೆರಿಗೆಯ ಮೇಲಿದೆ. ಹೊಸ ಬಡಾವಣೆಗಳಲ್ಲಿ ನೀರು, ಚರಂಡಿಗೆಂದು ಪ್ರತ್ಯೇಕ ತೆರಿಗೆಯೂ ಸೇರುತ್ತದೆ.

ಗೆಳೆಯರ ಅಥವಾ ಬಂಧುಗಳ ವಿಳಾಸ ಕೊಟ್ಟು ಮಗುವನ್ನು ಸೇರಿಸುವ ಆಲೋಚನೆಯನ್ನು ಹತ್ತಿರಕ್ಕೂ ಬಿಟ್ಟುಕೊಳ್ಳಬಾರದು. ಹೆಸರಾಂತ ಡಿಸ್ಟ್ರಿಕ್ಟುಗಳು ವಿಳಾಸ ಪರಿಶೀಲಿಸಲು ತನಿಖೆದಾರರನ್ನೇ ನೇಮಿಸುತ್ತವೆ. ಸಿಕ್ಕಿಬಿದ್ದರೆ ಮಗುವನ್ನು ಹೊರಹಾಕಿ, ಕಲಿತ ದಿನಗಳ ಖರ್ಚನ್ನು ವಸೂಲಿ ಮಾಡುತ್ತವೆ. ಓಹಾಯೊದಲ್ಲಿ ತಂದೆಯ ವಿಳಾಸ ಬಳಸಿ ಮಕ್ಕಳನ್ನು ಪಕ್ಕದ ಡಿಸ್ಟ್ರಿಕ್ಟಿಗೆ ಸೇರಿಸಿದ ಒಬ್ಬ ತಾಯಿ 2011ರಲ್ಲಿ ಜೈಲಿನಲ್ಲಿ ಒಂಬತ್ತು ದಿನ ಕಳೆದರು. ವೀಸಾದ ಮೇಲಿರುವವರಿಗೆ ಸುಳ್ಳು ದಾಖಲೆಯ ಆರೋಪ ಇನ್ನೂ ದೊಡ್ಡ ಆಪತ್ತು.

ದಾಖಲಾತಿಯ ಕಾಗದಗಳು

ವಾಸದ ಪುರಾವೆ, ಜನನ ಪತ್ರ ಅಥವಾ ಪಾಸ್‌ಪೋರ್ಟ್, ಹಿಂದಿನ ಶಾಲೆಯ ಟ್ರಾನ್ಸ್‌ಕ್ರಿಪ್ಟ್, ಲಸಿಕೆ ಪಟ್ಟಿ ಎಲ್ಲ ಕಡೆಯೂ ಬೇಕು. ವಾಸದ ಪುರಾವೆಗೆ ಬಾಡಿಗೆ ಒಪ್ಪಂದ ಅಥವಾ ಖರೀದಿ ಪತ್ರದ ಜೊತೆಗೆ ವಿದ್ಯುತ್, ನೀರಿನ ಬಿಲ್ಲು ಕೇಳುವುದು ವಾಡಿಕೆ, ಹೀಗಾಗಿ ಹೊಸ ಮನೆಗೆ ಕಾಲಿಟ್ಟ ದಿನವೇ ಬಿಲ್ಲುಗಳನ್ನು ಪೋಷಕರ ಹೆಸರಿಗೆ ಮಾಡಿಸಬೇಕು. ಬೇರೆ ರಾಜ್ಯದಿಂದ ಇಲಿನಾಯ್‌ಗೆ ಬಂದರೆ ವೈದ್ಯಕೀಯ ತಪಾಸಣೆ ವರದಿಯೂ ಬೇಕು. ಕ್ಷಯದ ಪರೀಕ್ಷೆ ಕೇಳುವ ಕಡೆ, ಭಾರತದಲ್ಲಿ ಬಿಸಿಜಿ ಲಸಿಕೆ ಪಡೆದ ಮಕ್ಕಳಿಗೆ ಚರ್ಮ ಪರೀಕ್ಷೆ ತಪ್ಪಾಗಿ ಪಾಸಿಟಿವ್ ಬರುವ ಸಾಧ್ಯತೆಯಿದೆ, ಅಂಥವರು ರಕ್ತ ಪರೀಕ್ಷೆ ಕೇಳಿಕೊಳ್ಳುವುದು ಸೂಕ್ತ.

1982ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ವಲಸೆ ಸ್ಥಿತಿಯ ಕಾರಣಕ್ಕೆ ಯಾವ ಮಗುವಿಗೂ ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಎಚ್-1ಬಿ ನೌಕರರ ಅವಲಂಬಿತರಾಗಿ ಎಚ್-4 ವೀಸಾದಲ್ಲಿರುವ ಮಕ್ಕಳಿಗೆ ಯಾವ ಅಡ್ಡಿಯೂ ಇಲ್ಲ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದಿದ್ದರೂ ನಡೆಯುತ್ತದೆ. ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಎಂಬ ಪ್ರಶ್ನಾವಳಿಯನ್ನೂ ತುಂಬಬೇಕು. ಕನ್ನಡ ಎಂದು ಬರೆದರೆ ಮಗುವಿಗೆ ಇಂಗ್ಲಿಷ್ ಸಾಮರ್ಥ್ಯದ ಪರೀಕ್ಷೆ ಮಾಡಬಹುದು. ಅದಕ್ಕೆ ಹೆದರಿ ಸುಳ್ಳು ಬರೆಯುವ ಅಗತ್ಯವಿಲ್ಲ. ಹಿಂದಿನ ಡಿಸ್ಟ್ರಿಕ್ಟಿನಲ್ಲಿ ಆ ಪರೀಕ್ಷೆ ಮುಗಿದಿದ್ದರೆ ಅದರ ದಾಖಲೆಯನ್ನು ಜೊತೆಗೆ ಒಯ್ದರೆ ಆಯಿತು. ವಿಶೇಷ ಶಿಕ್ಷಣ ಪಡೆಯುತ್ತಿರುವ ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆ (ಐಇಪಿ) ಹೊಸ ಊರಿನಲ್ಲೂ ಜೀವಂತ: ಹೊಸ ಯೋಜನೆ ಸಿದ್ಧವಾಗುವ ತನಕ ಹಿಂದಿನದಕ್ಕೆ ಸಮನಾದ ಸೇವೆ ಕೊಡಲೇಬೇಕೆಂದು ಕೇಂದ್ರ ಕಾನೂನು ಹೇಳುತ್ತದೆ.

ಊರು ಬದಲಿಸಿದ ವಿದೇಶಿ ಪ್ರಜೆಗಳು 10 ದಿನದೊಳಗೆ ವಲಸೆ ಇಲಾಖೆಗೆ ಹೊಸ ವಿಳಾಸ ತಿಳಿಸಬೇಕು. ಎಚ್-1ಬಿ ನೌಕರರು ಮನೆಯಿಂದ ಕೆಲಸ ಮಾಡುತ್ತಿದ್ದು ಹೊಸ ಮನೆ ಬೇರೆ ಮಹಾನಗರ ವಲಯದಲ್ಲಿದ್ದರೆ ಕಂಪನಿ ತಿದ್ದುಪಡಿ ಅರ್ಜಿ ಹಾಕಬೇಕಾಗುತ್ತದೆ. ಬಾಡಿಗೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಕಂಪನಿಯ ವಕೀಲರಿಗೆ ತಿಳಿಸಬೇಕಾದ ಸಂಗತಿ ಇದು. ರಾಜ್ಯವನ್ನೇ ಬದಲಿಸುವವರು ಕಾಲೇಜು ಶುಲ್ಕವನ್ನೂ ಯೋಚಿಸಬೇಕು. ರಾಜ್ಯದ ನಿವಾಸಿಗಳಿಗಿರುವ ಕಡಿಮೆ ಶುಲ್ಕಕ್ಕೆ ಹೆಚ್ಚಿನ ರಾಜ್ಯಗಳು ಕನಿಷ್ಠ 12 ತಿಂಗಳ ವಾಸ ಕೇಳುತ್ತವೆ, ಎಚ್-4 ಮಕ್ಕಳಿಗೆ ಅದು ಸಿಗುವ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಕ್ರೆಡಿಟ್, ಗಣಿತ, ಭಾಷೆ

ಹೈಸ್ಕೂಲ್ ನಡುವೆ ಹೋಗುವ ಮಗುವಿಗೆ ನಿಜವಾದ ಪೆಟ್ಟು ಬೀಳುವುದು ಇಲ್ಲಿ. ಪ್ರತಿ ರಾಜ್ಯಕ್ಕೂ ಪದವಿಯ ತನ್ನದೇ ಷರತ್ತುಗಳಿವೆ. ನ್ಯೂಜೆರ್ಸಿಗೆ 120 ಕ್ರೆಡಿಟ್ ಬೇಕು. ಟೆಕ್ಸಾಸ್ ಬೇರೆಯೇ ಅಳತೆಯಲ್ಲಿ ಲೆಕ್ಕ ಹಾಕಿ, ಆಲ್ಜೀಬ್ರಾ 1, ಬಯಾಲಜಿ, ಅಮೆರಿಕದ ಇತಿಹಾಸ ಮೊದಲಾದ ವಿಷಯಗಳಲ್ಲಿ ರಾಜ್ಯಮಟ್ಟದ ಪರೀಕ್ಷೆಯನ್ನೂ ಕೇಳುತ್ತದೆ. ಹೊರರಾಜ್ಯದಲ್ಲಿ ಆ ವಿಷಯದ ಕ್ರೆಡಿಟ್ ಮುಗಿಸಿ ಬಂದವರಿಗೆ ವಿನಾಯಿತಿ ಇದೆ. ಇಲಿನಾಯ್ ಅಮೆರಿಕದ ಮತ್ತು ತನ್ನ ಸಂವಿಧಾನಗಳ ಪರೀಕ್ಷೆ ಕೇಳುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಸೇರಬೇಕಾದರೆ ನಿಗದಿತ ಏಳು ವಿಭಾಗಗಳಲ್ಲಿ ವರ್ಷಪೂರ್ತಿಯ ಒಟ್ಟು 15 ಕೋರ್ಸುಗಳು ಬೇಕು, ಅದರಲ್ಲಿ 11 ಕೊನೆಯ ವರ್ಷಕ್ಕೆ ಮುಂಚೆಯೇ ಮುಗಿದಿರಬೇಕು.

ವರ್ಷದ ನಡುವೆ ಶಾಲೆ ಬದಲಿಸುವುದನ್ನು ಆದಷ್ಟು ತಪ್ಪಿಸಬೇಕು. ಒಂದು ಶಾಲೆಯಲ್ಲಿ ಏಳು ಪೀರಿಯಡ್ಡುಗಳು ವರ್ಷವಿಡೀ ನಡೆದರೆ, ಇನ್ನೊಂದರಲ್ಲಿ ನಾಲ್ಕೇ ವಿಷಯ ಅರ್ಧ ವರ್ಷದಲ್ಲಿ ಮುಗಿದು ಬೇರೆ ನಾಲ್ಕು ಶುರುವಾಗುತ್ತವೆ. ಜನವರಿಯಲ್ಲಿ ಮೊದಲನೆಯದರಿಂದ ಎರಡನೆಯದಕ್ಕೆ ಹೋದ ಮಗುವಿಗೆ ಅರ್ಧ ಕಲಿತ ಕೆಮಿಸ್ಟ್ರಿಯನ್ನು ಮುಂದುವರಿಸಲು ತರಗತಿಯೇ ಇರುವುದಿಲ್ಲ. ಎಪಿ ಪರೀಕ್ಷೆಗಳಿಗೆ ನವೆಂಬರ್ ಮಧ್ಯದೊಳಗೆ ನೋಂದಣಿ ಮುಗಿಯುವುದರಿಂದ ನಡುವರ್ಷದಲ್ಲಿ ಹೋಗಲೇಬೇಕಾದವರು ಅದನ್ನು ಹೊಸ ಶಾಲೆಗೆ ವರ್ಗಾಯಿಸಿಕೊಳ್ಳಬೇಕು. ಬೆಂಗಳೂರು, ಮೈಸೂರಿನ ಶಾಲೆಗಳಿಂದ ನೇರವಾಗಿ ಬರುವವರಿಗೆ ವರ್ಷದ ಆರಂಭವೇ ಹೊಂದುವುದಿಲ್ಲ: ಅಲ್ಲಿ ಜೂನ್, ಇಲ್ಲಿ ಆಗಸ್ಟ್ ಅಥವಾ ಸೆಪ್ಟೆಂಬರ್. ಅಂಥವರು ಪ್ರತಿ ವರ್ಷದ ಅಂಕಪಟ್ಟಿ ಮಾತ್ರವಲ್ಲ, ಗಣಿತ ಮತ್ತು ವಿಜ್ಞಾನದ ಪಠ್ಯಕ್ರಮದ ಪ್ರತಿಯನ್ನೂ ತಂದರೆ ಎಷ್ಟು ಕ್ರೆಡಿಟ್ ಕೊಡಬೇಕೆಂದು ತೀರ್ಮಾನಿಸುವ ಕೌನ್ಸೆಲರಿಗೆ ಆಧಾರ ಸಿಗುತ್ತದೆ.

ಗಣಿತದಲ್ಲಿ ಆಲ್ಜೀಬ್ರಾ 1, ಜಾಮೆಟ್ರಿ, ಆಲ್ಜೀಬ್ರಾ 2, ಪ್ರಿಕ್ಯಾಲ್ಕುಲಸ್, ಕ್ಯಾಲ್ಕುಲಸ್ ಎಂಬುದು ಹಳೆಯ ಸರಣಿ. ಕೆಲವು ಡಿಸ್ಟ್ರಿಕ್ಟುಗಳು ಇವನ್ನು ಬೆರೆಸಿ ಗಣಿತ 1, 2, 3 ಎಂದು ಕಲಿಸುತ್ತವೆ. ಗಣಿತ 1 ಮುಗಿಸಿದ ಮಗು ಜಾಮೆಟ್ರಿಯ ಶಾಲೆಗೆ ಹೋದರೆ ಕೆಲವು ಅಧ್ಯಾಯ ಎರಡು ಸಲ ಬರುತ್ತವೆ, ಕೆಲವು ಬರುವುದೇ ಇಲ್ಲ. ಬೇಸಿಗೆಯಲ್ಲಿ ಆ ಬಿರುಕು ತುಂಬಿಕೊಳ್ಳಬೇಕು. ಎಂಟರಲ್ಲೇ ಮುಗಿಸಿದ ಆಲ್ಜೀಬ್ರಾ ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟಿಗೆ ಸೇರುತ್ತದೆಯೇ, ಆನರ್ಸ್ ಕೋರ್ಸಿಗೆ ಹಳೆಯ ಶಾಲೆ ಕೊಟ್ಟ ಹೆಚ್ಚುವರಿ ತೂಕ ಹೊಸ ಜಿಪಿಎಯಲ್ಲಿ ಉಳಿಯುತ್ತದೆಯೇ ಎಂಬುದನ್ನೂ ಲಿಖಿತವಾಗಿ ಪಡೆಯಬೇಕು. ಪ್ಲೇಸ್‌ಮೆಂಟ್ ಪರೀಕ್ಷೆ ಬರೆಯುವ ಅವಕಾಶ ಕೇಳಿದವರಿಗೆ ಸಿಗುವುದುಂಟು, ಕೇಳದವರಿಗೆ ಸಿಗುವುದು ಅಪರೂಪ.

ಭಾಷೆಯ ವಿಷಯದಲ್ಲಿ, ಮೂರು ವರ್ಷ ಫ್ರೆಂಚ್ ಕಲಿತ ಮಗು ಫ್ರೆಂಚ್ ಇಲ್ಲದ ಶಾಲೆಗೆ ಹೋದರೆ ಮತ್ತೆ ಮೊದಲಿನಿಂದ ಶುರು. ಕನ್ನಡ ಬಲ್ಲ ಮಕ್ಕಳಿಗೆ ಇಲ್ಲೊಂದು ದಾರಿಯಿದೆ. ಎರಡು ಭಾಷೆಗಳಲ್ಲಿ ಪ್ರೌಢಿಮೆ ತೋರಿದ ಹೈಸ್ಕೂಲ್ ವಿದ್ಯಾರ್ಥಿಗಳಿಗೆ ಕೊಡಲೆಂದು 2011ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿದ ದ್ವಿಭಾಷಾ ಮುದ್ರೆ ಈಗ ದೇಶದ ಬಹುತೇಕ ರಾಜ್ಯಗಳಲ್ಲಿದೆ. ಕನ್ನಡಕ್ಕೆ ಅದು ಸಿಗುವುದು ಡಿಸ್ಟ್ರಿಕ್ಟ್ ಯಾವ ಪರೀಕ್ಷೆಯನ್ನು ಒಪ್ಪುತ್ತದೆ ಎಂಬುದನ್ನು ಅವಲಂಬಿಸಿದೆ. ಹೊಸ ಊರಿನ ಕನ್ನಡ ಕೂಟದಲ್ಲಿ, ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟವಿರಲಿ, ಷಿಕಾಗೊದ ವಿದ್ಯಾರಣ್ಯ ಕನ್ನಡ ಕೂಟವಿರಲಿ, ನ್ಯೂಜೆರ್ಸಿಯ ಬೃಂದಾವನವಿರಲಿ, ಹಿಂದಿನ ವರ್ಷ ಪದವಿ ಪಡೆದ ಮಕ್ಕಳ ಪೋಷಕರನ್ನು ವಿಚಾರಿಸಿದರೆ ಈ ವಿಷಯದಲ್ಲೂ, ಶಾಲೆಯ ನಿಜಸ್ಥಿತಿಯ ವಿಷಯದಲ್ಲೂ ನೆರವಾಗುವ ಮಾತು ಸಿಗುತ್ತದೆ.

ಆಟ, ವಾದ್ಯ, ಗೆಳೆತನ

ಕುಟುಂಬ ಪೂರ್ತಿಯಾಗಿ, ನಿಜವಾಗಿ ಸ್ಥಳಾಂತರಗೊಂಡರೆ ಕ್ರೀಡೆಯಲ್ಲಿ ಅರ್ಹತೆ ಸಾಮಾನ್ಯವಾಗಿ ಉಳಿಯುತ್ತದೆ. ಆಟಕ್ಕಾಗಿಯೇ ಶಾಲೆ ಬದಲಿಸಿದರೆ ಟೆಕ್ಸಾಸ್‌ನಲ್ಲಿ ಒಂದು ವರ್ಷ ಶಾಲೆಯ ಮುಖ್ಯ ತಂಡದಲ್ಲಿ ಆಡುವಂತಿಲ್ಲ, ಹಿಂದಿನ ಶಾಲೆಯ ಸಹಿಯಿರುವ ನಮೂನೆಯೂ ಬೇಕು. ಇತರ ರಾಜ್ಯಗಳಲ್ಲೂ ಇಂಥ ನಿರ್ಬಂಧಗಳಿವೆ. ಮಾರ್ಚಿಂಗ್ ಬ್ಯಾಂಡಿನ ಶಿಬಿರ ಶಾಲೆ ತೆರೆಯುವ ಮೊದಲೇ ನಡೆಯುತ್ತದೆ, ಆರ್ಕೆಸ್ಟ್ರಾದ ಆಯ್ಕೆ ಹಿಂದಿನ ವಸಂತದಲ್ಲೇ ಮುಗಿದಿರುತ್ತದೆ. ಜುಲೈನಲ್ಲಿ ಊರಿಗೆ ಬಂದವರು ವಾದ್ಯದ ಉಪಾಧ್ಯಾಯರಿಗೆ ಮೇ ತಿಂಗಳಲ್ಲೇ ಬರೆದಿರಬೇಕು. ಮುಂದಿನ ವರ್ಷದ ಕೋರ್ಸುಗಳ ಆಯ್ಕೆಯೂ ಜನವರಿಯಿಂದ ಮಾರ್ಚ್ ನಡುವೆ ಆಗಿಹೋಗಿರುತ್ತದೆ. ತಡವಾಗಿ ಬಂದವರಿಗೆ ತುಂಬಿದ ತರಗತಿಗಳ ಉಳಿಕೆ ಸೀಟುಗಳೇ ಗತಿ.

ಹದಿಹರೆಯದ ಮಗುವನ್ನು ತೀರ್ಮಾನ ಮುಗಿದ ಮೇಲೆ ಕರೆದು ಹೇಳುವುದು ನಮ್ಮ ಮನೆಗಳಲ್ಲಿ ಹೆಚ್ಚು. ಅದು ಸಲ್ಲದು. ಗೆಳೆಯರನ್ನು ಬಿಡುವುದು ಆ ವಯಸ್ಸಿನಲ್ಲಿ ಸಣ್ಣ ನಷ್ಟವಲ್ಲ, ‘ನಿನ್ನ ಒಳ್ಳೆಯದಕ್ಕೇ’ ಎಂಬ ಮಾತು ಅದನ್ನು ತುಂಬಿಕೊಡುವುದಿಲ್ಲ. ಎರಡು ಮೂರು ಶಾಲೆಗಳ ಕ್ಯಾಟಲಾಗುಗಳನ್ನು ಮಗುವಿನ ಮುಂದಿಟ್ಟು, ಅದರ ಆಕ್ಷೇಪಗಳನ್ನು ಕೇಳಿ, ಅವಕ್ಕೆ ತೀರ್ಮಾನದಲ್ಲಿ ನಿಜವಾದ ಜಾಗ ಕೊಡಬೇಕು. ಹೊಸ ಶಾಲೆಯ ಮೊದಲ ತಿಂಗಳುಗಳಲ್ಲಿ ನಿದ್ದೆ, ಊಟ, ಮಾತು ಕಡಿಮೆಯಾದರೆ ಹೊಂದಿಕೊಳ್ಳುತ್ತದೆ ಬಿಡಿ ಎಂದು ಸುಮ್ಮನಿರದೆ ಕೌನ್ಸೆಲರನ್ನು ಕಾಣಬೇಕು. ಮನಸ್ಸು ತೀರ ಕುಸಿದವರಿಗೆ ಹಗಲಿರುಳೂ ಉತ್ತರಿಸುವ 988 ಎಂಬ ಉಚಿತ ಸಹಾಯವಾಣಿ ದೇಶದಾದ್ಯಂತ ಇದೆ.

ವೇಳಾಪಟ್ಟಿ ಕೈಗೆ ಬಂದ ದಿನವೇ ಪ್ರತಿ ಕೋರ್ಸಿನ ಮಟ್ಟವನ್ನು ಹಳೆಯ ಟ್ರಾನ್ಸ್‌ಕ್ರಿಪ್ಟಿನ ಪಕ್ಕದಲ್ಲಿಟ್ಟು ನೋಡಿ. ತಪ್ಪಾದ ತರಗತಿಯಿಂದ ಸರಿಯಾದದ್ದಕ್ಕೆ ದಾಖಲೆಯಲ್ಲಿ ಗುರುತು ಉಳಿಯದಂತೆ ಬದಲಾಯಿಸಿಕೊಳ್ಳುವ ಗಡುವು ಸಾಮಾನ್ಯವಾಗಿ ಶಾಲೆ ಶುರುವಾದ ಮೊದಲ ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ಕೌನ್ಸೆಲರ್ ಭೇಟಿಯ ಸಮಯವನ್ನು ಮನೆಯ ಸಾಮಾನು ಬಿಚ್ಚುವ ಮೊದಲೇ ಗೊತ್ತುಮಾಡಿಕೊಳ್ಳಿ.